ಬೋರ್ಡ್ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ನಮ್ಮ ಮಕ್ಕಳು

ಪ್ರತಿವರ್ಷ ಮೇ ತಿಂಗಳ ಕೊನೆಯ ಭಾನುವಾರಗಳಂದು ನಮ್ಮ ಇಗರ್ಜಿಗಳಲ್ಲಿ ಬಲಿಪೂಜೆಯ ಬಳಿಕ ಓದಲಾಗುವ ಪ್ರಕಟಣೆಗಳಲ್ಲಿ ಶಾಲಾ ಪ್ರವೇಶದ ಸಂಗತಿ ತಪ್ಪದೆ ಇರುತ್ತದೆ. ಧರ್ಮಕೇಂದ್ರದ ಶಾಲೆಯಲ್ಲಿ ದಾಖಲಾತಿ ಆರಂಭವಾಗಿದೆ, ಕನ್ನಡ ಮಾಧ್ಯಮಕ್ಕೆ ಮಕ್ಕಳು ಸಾಲದು, ಹೆತ್ತವರು ದಯವಿಟ್ಟು ಮನಸ್ಸು ಮಾಡಬೇಕು ಎಂದು ಧರ್ಮಗುರುಗಳು ಕೇಳಿಕೊಳ್ಳುತ್ತಾರೆ. ಹೊರಗೆ ಬಂದ ಮೇಲೆ ಅಂಗಳದಲ್ಲಿ ಹತ್ತು ನಿಮಿಷ ಅದೇ ಮಾತು. ‘ಮಕ್ಕಳೇ ಇಲ್ಲವಲ್ಲ’ ಎಂದು ಒಬ್ಬರು, ‘ಈಗ ಎಲ್ಲರಿಗೂ ಇಂಗ್ಲಿಷ್ ಬೇಕು’ ಎಂದು ಇನ್ನೊಬ್ಬರು. ಅಷ್ಟರಲ್ಲಿ ಮೀನು ಮಾರುಕಟ್ಟೆಗೆ ಹೊತ್ತಾಗಿರುತ್ತದೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಈ ಮಾತುಕತೆಯಲ್ಲಿ ಒಂದು ಶಾಲೆಯ ಹೆಸರು ಮಾತ್ರ ಎಂದೂ ಬರುವುದಿಲ್ಲ. ಅದು ಪೇಟೆಯ ಸರಕಾರಿ ಪ್ರೌಢಶಾಲೆ. ಕುಂದಾಪುರದಲ್ಲಿ ಅದರ ಈಗಿನ ಹೆಸರು ಸರಕಾರಿ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗ ಎಂದು ಉದ್ದವಾಗಿದ್ದರೂ ಹಳಬರ ಬಾಯಲ್ಲಿ ಅದು ಇನ್ನೂ ಬೋರ್ಡ್ ಹೈಸ್ಕೂಲ್. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಜಿಲ್ಲಾ ಬೋರ್ಡು ಶಾಲೆಗಳನ್ನು ನಡೆಸುತ್ತಿದ್ದುದರಿಂದ ಬಂದ ಹೆಸರದು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಲಕ್ರಮದಲ್ಲಿ ಬೋರ್ಡು ಇಲ್ಲವಾಯಿತು, ಹೆಸರು ಉಳಿಯಿತು. ಕೋಟದ ಶಿವರಾಮ ಕಾರಂತರು ಪ್ರೌಢಶಾಲೆಗೆಂದು ಬಂದದ್ದು ಕುಂದಾಪುರಕ್ಕೇ. ಆಗ ಬೈಂದೂರಿನಿಂದ ಬ್ರಹ್ಮಾವರದವರೆಗಿನ ಹೈಸ್ಕೂಲುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಗಂಗೊಳ್ಳಿಯ ಹುಡುಗನಾದರೆ ಪಂಚಗಂಗಾವಳಿಯನ್ನು ದೋಣಿಯಲ್ಲಿ ದಾಟಿ ಬರಬೇಕು. ಹೀಗಾಗಿ ಬ್ರಾಹ್ಮಣರ, ಬಂಟರ, ಮೊಗವೀರರ, ಬಿಲ್ಲವರ, ಮುಸಲ್ಮಾನರ ಮಕ್ಕಳ ನಡುವೆ, ಮನೆಯಲ್ಲಿ ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಹುಡುಗನೂ ಅದೇ ಬೆಂಚಿನಲ್ಲಿ ಕುಳಿತ.

ಹಳೆಯ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆ ಬೆಂಚಿನಲ್ಲಿ ಹೆಣ್ಣುಮಕ್ಕಳು ವಿರಳವಾಗಿದ್ದರು. ಬಡವರ ಮಕ್ಕಳು ಐದನೆಯ ತರಗತಿಗೇ ಶಾಲೆ ಬಿಟ್ಟು ಹಂಚಿನ ಕಾರ್ಖಾನೆಗೋ ಮುಂಬಯಿಯ ಹೋಟೆಲಿಗೋ ಹೋಗುತ್ತಿದ್ದರು. ನಮ್ಮ ಧರ್ಮಗುರುಗಳೂ ಧರ್ಮಭಗಿನಿಯರೂ ಊರೂರಿಗೆ ಶಾಲೆ ಕಟ್ಟಿದ್ದು ಈ ಕೊರತೆಯನ್ನು ತುಂಬಲೆಂದೇ. ಕಥೊಲಿಕರಲ್ಲದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಮೊದಲ ಬಾರಿ ಎಸ್ಸೆಸ್ಸೆಲ್ಸಿ ದಾಟಿದ್ದು ಕಾನ್ವೆಂಟಿನ ಬಾಗಿಲಿನಿಂದ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಂತ ಶಾಲೆಗಳಾದ ಮೇಲೆ ಸರಕಾರಿ ಪ್ರೌಢಶಾಲೆ ನಮ್ಮ ಕಣ್ಣಿನಿಂದಲೇ ಮರೆಯಾಯಿತು. ಅಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ ಎಂದು ಕೇಳುವ ಅಭ್ಯಾಸವೂ ತಪ್ಪಿತು.

ಅಂಗಳದಲ್ಲಿ ಆಡುವ ಆ ಎರಡು ಮಾತುಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ‘ಮಕ್ಕಳೇ ಇಲ್ಲ’ ಎಂಬುದು ನಿಜ. 2001ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,12,243 ಇದ್ದದ್ದು 2011ರಲ್ಲಿ 11,77,361 ಆಯಿತು. ಹತ್ತು ವರ್ಷಗಳಲ್ಲಿ ನೂರಕ್ಕೆ ಆರರಷ್ಟೂ ಬೆಳವಣಿಗೆ ಇಲ್ಲ; ಅದೇ ಅವಧಿಯಲ್ಲಿ ಇಡೀ ಕರ್ನಾಟಕದ್ದು ನೂರಕ್ಕೆ ಹದಿನೈದನ್ನು ಮೀರಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರು ತನ್ನ ಜಾಗವನ್ನು ತಾನೇ ತುಂಬಬೇಕಾದರೆ 2.1 ಬೇಕು. 2011ರ ಗಣತಿಯಲ್ಲಿ ಜಿಲ್ಲೆಯ ಪ್ರತಿ ಸಾವಿರ ಗಂಡಸರಿಗೆ 1,094 ಹೆಂಗಸರು ಇದ್ದರು. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆದರೆ ಗಂಡಸರು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿದ್ದಾರೆ ಎಂಬುದನ್ನೂ ಆ ಸಂಖ್ಯೆ ಹೇಳುತ್ತದೆ. ಅವರು ಅಲ್ಲಿ ನೆಲೆ ಕಂಡುಕೊಂಡ ಬಳಿಕ ಹೆಂಡತಿ ಮಕ್ಕಳೂ ಅಲ್ಲಿಗೇ. ಹಿಂದೆ ಐದಾರು ಮಕ್ಕಳಿದ್ದ ಮನೆಯಲ್ಲಿ ಈಗ ಅಜ್ಜ ಅಜ್ಜಿ, ಒಂದು ನಾಯಿ.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಉಡುಪಿ ಧರ್ಮಪ್ರಾಂತ್ಯ ಅಧಿಕೃತವಾಗಿ ಉದ್ಘಾಟನೆಗೊಂಡದ್ದು 2012ರ ಅಕ್ಟೋಬರ್ 15ರಂದು. ಆ ವರ್ಷ ಜ್ಞಾನಸ್ನಾನ ಪಡೆದ ಮಕ್ಕಳು 2025ರ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಕಾಲಿಟ್ಟರು. ಅಂದರೆ ಧರ್ಮಪ್ರಾಂತ್ಯದ ಓರಗೆಯ ಮಕ್ಕಳು ಈಗ ಪ್ರೌಢಶಾಲೆಯಲ್ಲಿದ್ದಾರೆ. ಎಷ್ಟು ಮಕ್ಕಳು ಬರುತ್ತಾರೆಂದು ನಮಗೆ ಹದಿಮೂರು ವರ್ಷ ಮೊದಲೇ ಗೊತ್ತಾಗಬಹುದಿತ್ತು. ಜ್ಞಾನಸ್ನಾನದ ದಾಖಲೆ ಪುಸ್ತಕ ಪ್ರತಿ ಇಗರ್ಜಿಯ ಕಪಾಟಿನಲ್ಲೇ ಇದೆ. ಅದನ್ನು ತೆರೆದು ಎಣಿಸಿದವರು ಕಡಿಮೆ. ಮೇ ತಿಂಗಳು ಬಂದಾಗ ಗಾಬರಿಯಾಗುವುದು ಮಾತ್ರ ತಪ್ಪಲಿಲ್ಲ.

‘ಎಲ್ಲರಿಗೂ ಇಂಗ್ಲಿಷ್ ಬೇಕು’ ಎಂಬುದೂ ನಿಜವೇ. 1994ರ ಭಾಷಾ ನೀತಿಯ ಮೂಲಕ ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಲು ಸರಕಾರ ಹೊರಟಿತ್ತು. ಎರಡು ದಶಕಗಳ ವ್ಯಾಜ್ಯದ ನಂತರ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ. ಮಾಧ್ಯಮದ ಆಯ್ಕೆ ಹೆತ್ತವರದು ಎಂದಿತು. ಕನ್ನಡ ಪ್ರಾಥಮಿಕ ಶಾಲೆ ಬತ್ತಿದರೆ ಕೆಲವೇ ವರ್ಷಗಳಲ್ಲಿ ಕನ್ನಡ ಪ್ರೌಢಶಾಲೆಯೂ ಬತ್ತುತ್ತದೆ. ಇದರಲ್ಲಿ ನಾನು ಯಾರ ಮೇಲೂ ಕಲ್ಲೆಸೆಯಲಾರೆ. ನನ್ನ ಮಕ್ಕಳೂ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವರು.

ಆದರೆ ಅಂಗಳದ ಮಾತಿನಲ್ಲಿ ಮೂರನೆಯ ಕಾರಣವೊಂದು ಬಿಟ್ಟುಹೋಗುತ್ತದೆ. ಅದು ಹಳದಿ ಬಣ್ಣದ ಶಾಲಾ ಬಸ್ಸು. ಬೆಳಿಗ್ಗೆ ಏಳೂವರೆಗೆ ಬ್ರಹ್ಮಾವರದ ಹೆದ್ದಾರಿ ಬದಿಯಲ್ಲಿ ನಿಂತರೆ ಸಾಕು, ಎಷ್ಟು ಶಾಲೆಗಳ ಬಸ್ಸುಗಳು ಎಷ್ಟು ದಿಕ್ಕುಗಳಿಂದ ಬರುತ್ತವೆ ಎಂದು ಕಾಣುತ್ತದೆ. ಹಿಂದೆ ಶಾಲೆಯನ್ನು ನಿರ್ಧರಿಸುತ್ತಿದ್ದುದು ಮಗುವಿನ ಕಾಲು. ನಡೆದು ಮುಟ್ಟುವಷ್ಟು ದೂರದ ಶಾಲೆಯೇ ಅದರ ಶಾಲೆ. ಈಗ ಬಸ್ಸು ಮನೆಯ ಗೇಟಿಗೆ ಬರುತ್ತದೆ, ತಿಂಗಳಿಗಿಷ್ಟು ಎಂದು ಶುಲ್ಕ ಕೊಟ್ಟರಾಯಿತು. ಹೆದ್ದಾರಿ ಚತುಷ್ಪಥವಾದ ಮೇಲಂತೂ ರಸ್ತೆಯ ಆಚೆ ಕಣ್ಣಿಗೆ ಕಾಣುವ ಸರಕಾರಿ ಶಾಲೆಗೆ ಮಗುವನ್ನು ನಡೆಸಿ ಕಳುಹಿಸಲು ಹೆದರುವ ತಾಯಿ, ಹದಿನೈದು ಕಿಲೋಮೀಟರು ದೂರದ ಶಾಲೆಗೆ ಧೈರ್ಯವಾಗಿ ಬಸ್ಸು ಹತ್ತಿಸುತ್ತಾಳೆ. ಅವಳ ಲೆಕ್ಕ ತಪ್ಪೆಂದು ಹೇಳಲು ನನಗೆ ಬಾಯಿಲ್ಲ. ಆದರೆ ಬಸ್ಸಿನ ಶುಲ್ಕ ಕೊಡಲಾಗದ ಮನೆಯ ಮಗು ಎಲ್ಲಿಗೆ ಹೋಗುತ್ತದೆ? ಅದು ನಡೆದೇ ಹೋಗುತ್ತದೆ, ಹತ್ತಿರದ ಸರಕಾರಿ ಶಾಲೆಗೆ.

ಹಾಗಾಗಿ ಸರಕಾರಿ ಪ್ರೌಢಶಾಲೆಯ ಸಂಖ್ಯೆ ಮಾತ್ರ ಬದಲಾಗಿಲ್ಲ, ಅಲ್ಲಿ ಕುಳಿತವರೂ ಬದಲಾಗಿದ್ದಾರೆ. ಇದನ್ನು ಅಲ್ಲಿನ ಶಿಕ್ಷಕರು ಚೆನ್ನಾಗಿ ಬಲ್ಲರು. ಮೀನುಗಾರರ, ಗೇರುಬೀಜ ಕಾರ್ಖಾನೆಗೆ ಹೋಗುವ ತಾಯಂದಿರ, ಗಾರೆ ಕೆಲಸದವರ ಮಕ್ಕಳು ಹಿಂದಿನಿಂದಲೂ ಇದ್ದರು. ಈಗ ಅವರ ಜತೆಗೆ ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಬಂದಿದ್ದಾರೆ. ಗುತ್ತಿಗೆಯ ಕೆಲಸ ಮುಗಿದರೆ ಮನೆ ಖಾಲಿ, ಶಾಲೆಯೂ ಖಾಲಿ. ಜೂನ್ ತಿಂಗಳ ಹಾಜರಿಗೂ ಜನವರಿಯ ಹಾಜರಿಗೂ ತಾಳೆಯಾಗುವುದಿಲ್ಲ; ವರ್ಗಾವಣೆ ಪ್ರಮಾಣಪತ್ರವಿಲ್ಲದೆ ನಡುವರ್ಷದಲ್ಲಿ ಬಂದು ನಿಂತ ಮಗುವನ್ನು ಯಾವ ತರಗತಿಗೆ ಸೇರಿಸುವುದೆಂದು ಮುಖ್ಯೋಪಾಧ್ಯಾಯರು ತಲೆ ಕೆರೆದುಕೊಳ್ಳಬೇಕು. ಆ ಮಕ್ಕಳ ಕನ್ನಡ ಕೇಳಿ ಮೊದಲ ವಾರ ಕುಂದಾಪುರದ ಮಕ್ಕಳು ನಗುತ್ತಾರೆ. ‘ಹೋಯ್ಕ್’, ‘ಬರ್ಕ್’ ಎಂಬ ನಮ್ಮ ಕನ್ನಡ ಕೇಳಿ ಅವರೂ ನಗುತ್ತಾರೆ. ಆಮೇಲೆ ಸರಿಹೋಗುತ್ತದೆ. ಇಂಥ ಮಕ್ಕಳನ್ನೂ ಸೇರಿಸಿಕೊಂಡೇ ಉಡುಪಿ ಜಿಲ್ಲೆ 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಾಜ್ಯಕ್ಕೆ ಪ್ರಥಮ ಸ್ಥಾನ ಪಡೆಯಿತು ಎಂಬುದನ್ನು ನಾವು ಮರೆಯಬಾರದು.

ಈ ಮಕ್ಕಳ ನಡುವೆ ನಮ್ಮವರೂ ಇದ್ದಾರೆ. ಒಬ್ಬರೋ ಇಬ್ಬರೋ ಇರಬಹುದು, ಆದರೆ ಇದ್ದಾರೆ. ಗಂಡನನ್ನು ಕಳೆದುಕೊಂಡು ಮನೆಗೆಲಸ ಮಾಡುವ ತಾಯಿಯ ಮಗಳು. ಕುಡಿತಕ್ಕೆ ಬಿದ್ದ ತಂದೆಯ ಮಗ. ಬೇರೆ ಊರಿನಿಂದ ಬಂದು ಬಾಡಿಗೆ ಕೋಣೆಯಲ್ಲಿರುವ, ಇಗರ್ಜಿಯಲ್ಲಿ ಇನ್ನೂ ಹೆಸರು ಬರೆಸದ ಕುಟುಂಬದ ಮಕ್ಕಳು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಧರ್ಮಕೇಂದ್ರದಲ್ಲಿ, ಅದರ ಹೆಸರು ಇಲ್ಲಿ ಬೇಡ, ಎಸ್ಸೆಸ್ಸೆಲ್ಸಿಯಲ್ಲಿ ಉತ್ತಮ ಅಂಕ ಗಳಿಸಿದ ಮೂವರು ಮಕ್ಕಳನ್ನು ಬಲಿಪೂಜೆಯ ನಂತರ ಸನ್ಮಾನಿಸಲಾಯಿತು. ಹೆಸರುಗಳನ್ನು ಸಂಗ್ರಹಿಸುವ ಹೊಣೆ ಒಂದು ಸಮಿತಿಯದಾಗಿತ್ತು. ಅದರಲ್ಲಿ ನಾನೂ ಇದ್ದೆ. ನಾವು ಮಾಡಿದ್ದಿಷ್ಟೇ: ನಮ್ಮ ಶಾಲೆಗಳಿಗೂ ಸುತ್ತಲಿನ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೂ ದೂರವಾಣಿ ಮಾಡಿ ಕಥೊಲಿಕ್ ಮಕ್ಕಳ ಅಂಕಗಳನ್ನು ಕೇಳಿ ಬರೆದುಕೊಂಡೆವು. ಶಾಲು, ಹಾರ, ಪುಷ್ಪಗುಚ್ಛ, ಚಪ್ಪಾಳೆ ಎಲ್ಲವೂ ಚೆಂದವಾಗಿ ನಡೆಯಿತು. ತಿಂಗಳುಗಳ ಬಳಿಕ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಗೆ ಒಬ್ಬ ತಾಯಿಯ ಅರ್ಜಿ ಬಂತು. ಮಗಳ ಪಿಯುಸಿ ಪುಸ್ತಕಗಳಿಗೆ ಸಹಾಯ ಬೇಕೆಂಬ ಅರ್ಜಿ; ಜತೆಗೆ ಅಂಕಪಟ್ಟಿಯ ಪ್ರತಿ. ಹುಡುಗಿ ಓದಿದ್ದು ಸರಕಾರಿ ಪ್ರೌಢಶಾಲೆಯಲ್ಲಿ. ಅವಳ ಅಂಕಗಳು ನಾವು ಶಾಲು ಹೊದಿಸಿದ ಮೂರನೆಯ ವಿದ್ಯಾರ್ಥಿಗಿಂತ ಹೆಚ್ಚಾಗಿದ್ದವು. ಆ ಭಾನುವಾರ ಅವಳು ಇಗರ್ಜಿಯಲ್ಲೇ ಇದ್ದಳು, ಗಾಯನವೃಂದದಲ್ಲಿ ಹಾಡುತ್ತಿದ್ದಳು. ‘ಯಾಕೆ ಹೇಳಲಿಲ್ಲ?’ ಎಂದು ತಾಯಿಯನ್ನು ಕೇಳಿದೆ. ‘ಅದು ನಮ್ಮ ಶಾಲೆಯವರಿಗೆ ಮಾತ್ರ ಅಂತ ತಿಳ್ಕೊಂಡೆ ಬಾಬ್’ ಎಂದರು. ಅವರು ಹಾಗೆ ತಿಳಿದುಕೊಳ್ಳುವಂತೆ ನಡೆದುಕೊಂಡವರು ನಾವು.

ಇದು ಬರಿಯ ಸೌಜನ್ಯದ ಪ್ರಶ್ನೆಯಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯನ್ನು ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಆಗಾಗ ನೆನೆಯುತ್ತಾರೆ. ಕಥೊಲಿಕ್ ಶಾಲೆಗಳ ಮಹತ್ವದ ಕುರಿತ ಭಾಗವನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಘೋಷಣೆಯಲ್ಲಿ, ಕಥೊಲಿಕವಲ್ಲದ ಶಾಲೆಗಳಲ್ಲಿ ಓದುತ್ತಿರುವ ಬಹುಸಂಖ್ಯೆಯ ಮಕ್ಕಳ ಬಳಿ ಧರ್ಮಸಭೆ ವಿಶೇಷ ಪ್ರೀತಿಯಿಂದ, ನೆರವಿನಿಂದ ಹಾಜರಿರಬೇಕು ಎಂಬ ಮಾತೂ ಇದೆ. ಲೋಕದ ಸಂಪತ್ತಿನಲ್ಲಿ ಬಡವರಾದವರ, ಕುಟುಂಬದ ಆಸರೆ ಇಲ್ಲದವರ ಕಡೆಗೆ ಕಥೊಲಿಕ್ ಶಾಲೆಗಳು ಮೊದಲು ನೋಡಬೇಕು ಎಂಬ ಮಾತೂ ಇದೆ. ಅದನ್ನು ನಾವು ಭಾಷಣದಲ್ಲಿ ಬಿಟ್ಟುಬಿಡುತ್ತೇವೆ.

ಮೇಲೆ ಹೇಳಿದ 2014ರ ಮೇ 6ರಂದೇ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪನ್ನೂ ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ, ಅವು ಅನುದಾನಿತವಾಗಿರಲಿ ಅಲ್ಲದಿರಲಿ, ಅನ್ವಯಿಸುವುದಿಲ್ಲ ಎಂಬುದೇ ಆ ತೀರ್ಪು. ಬಡ ಹಾಗೂ ಹಿಂದುಳಿದ ಮಕ್ಕಳಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಿಡಬೇಕೆಂಬ ನಿಯಮದಿಂದ ನಮ್ಮ ಶಾಲೆಗಳು ಹೀಗೆ ಹೊರಗುಳಿದವು. ನಮ್ಮ ಸಂಸ್ಥೆಗಳನ್ನು ನಮ್ಮ ರೀತಿಯಲ್ಲಿ ನಡೆಸುವ ಸಂವಿಧಾನದತ್ತ ಹಕ್ಕು ಅಮೂಲ್ಯವಾದದ್ದು. ಅದನ್ನು ಬಿಟ್ಟುಕೊಡಬೇಕೆಂದು ನಾನು ಹೇಳುವವನಲ್ಲ. ಆದರೆ ಹಕ್ಕು ಕೈಯಲ್ಲಿರುವಾಗ ಆ ಇಪ್ಪತ್ತೈದು ಮಕ್ಕಳನ್ನು ನಾವೇ ಸ್ವಇಚ್ಛೆಯಿಂದ ಹುಡುಕಿದೆವೇ? ಕೆಲವು ಶಾಲೆಗಳು ಸದ್ದಿಲ್ಲದೆ ಶುಲ್ಕ ಬಿಟ್ಟುಕೊಡುತ್ತವೆ ಎಂಬುದು ನನಗೆ ಗೊತ್ತು, ಅವರಿಗೆ ವಂದನೆಗಳು. ಅದು ಒಬ್ಬ ಒಳ್ಳೆಯ ಮುಖ್ಯೋಪಾಧ್ಯಾಯಿನಿಯ ಮನಸ್ಸಿಗೆ ಬಿಟ್ಟ ವಿಷಯವಾಗಬಾರದು.

ಈಗ ಮುಜುಗರದ ವಿಷಯಕ್ಕೆ ಬರುತ್ತೇನೆ. ನಮ್ಮ ಕನ್ನಡ ಮಾಧ್ಯಮದ ಅನುದಾನಿತ ಪ್ರೌಢಶಾಲೆಗಳಿಗೆ ಮಕ್ಕಳು ಸಾಲದಾದಾಗ ನಾವು ಏನು ಮಾಡುತ್ತೇವೆ? ಬೇಸಗೆ ರಜೆಯಲ್ಲಿ ಶಿಕ್ಷಕರು ಮನೆಮನೆಗೆ ಹೋಗುತ್ತಾರೆ. ಯಾರ ಮನೆಗೆ? ಸರಕಾರಿ ಶಾಲೆಯ ಶಿಕ್ಷಕರೂ ಹೋಗುವ ಅದೇ ಮನೆಗೆ, ಅದೇ ಶೆಡ್ಡಿಗೆ. ಒಂದು ಬಡ ಮಗುವಿಗಾಗಿ ಎರಡು ಬಡ ಶಾಲೆಗಳು ಪೈಪೋಟಿ ನಡೆಸುತ್ತವೆ. ಗೆದ್ದ ಶಾಲೆಗೆ ಒಂದು ಸಂಖ್ಯೆ ಹೆಚ್ಚಿತು, ಸೋತ ಶಾಲೆಯಲ್ಲಿ ಒಂದು ಕಡಿಮೆಯಾಯಿತು. ಮಕ್ಕಳ ಸಂಖ್ಯೆ ಇಳಿದರೆ ಸರಕಾರಿ ಶಾಲೆಯ ಶಿಕ್ಷಕರು ‘ಹೆಚ್ಚುವರಿ’ಯಾಗಿ ಬೇರೆಡೆಗೆ ವರ್ಗವಾಗುತ್ತಾರೆ, ಅನುದಾನಿತ ಶಾಲೆಯಲ್ಲಾದರೆ ನಿವೃತ್ತರಾದವರ ಸ್ಥಾನ ವರ್ಷಗಟ್ಟಲೆ ತುಂಬುವುದಿಲ್ಲ, ಗಣಿತಕ್ಕೋ ವಿಜ್ಞಾನಕ್ಕೋ ಆಡಳಿತ ಮಂಡಳಿ ಗೌರವಧನ ಕೊಟ್ಟು ಯಾರನ್ನಾದರೂ ಹುಡುಕಬೇಕು. ಹೀಗೆ ಎರಡೂ ಕಡೆ ಅರ್ಧ ಶಿಕ್ಷಕರು, ಅರ್ಧ ಮಕ್ಕಳು. ಒಂದು ಪೂರ್ತಿ ಶಾಲೆ ಎಲ್ಲಿಯೂ ಇಲ್ಲ.

ನನ್ನ ಅಭಿಪ್ರಾಯ ಕೆಲವರಿಗೆ ಕಹಿಯಾಗಬಹುದು. ಪ್ರತಿಯೊಂದು ಧರ್ಮಕೇಂದ್ರದ ಕನ್ನಡ ಪ್ರೌಢಶಾಲೆಯನ್ನೂ ಏನೇ ಆಗಲಿ ಉಳಿಸಿಕೊಳ್ಳುತ್ತೇವೆ ಎಂಬ ಹಟ ಬೇಡ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಎಲ್ಲೆಲ್ಲಿ ನಮ್ಮ ಶಾಲೆ ನಿಜವಾಗಿಯೂ ಬೇಕೋ, ಅಂದರೆ ನಡೆದು ಹೋಗುವ ದೂರದಲ್ಲಿ ಬೇರೆ ಪ್ರೌಢಶಾಲೆ ಇಲ್ಲವೋ, ಅಲ್ಲಿ ಅದನ್ನು ಧರ್ಮಪ್ರಾಂತ್ಯದ ಹಣದಿಂದಲಾದರೂ ಗಟ್ಟಿಯಾಗಿ ನಡೆಸಬೇಕು. ಎಲ್ಲಿ ಅರ್ಧ ಮೈಲಿಯಲ್ಲಿ ಸರಕಾರಿ ಪ್ರೌಢಶಾಲೆ ಇದೆಯೋ ಅಲ್ಲಿ ನಮ್ಮದನ್ನು ಗೌರವದಿಂದ ಮುಚ್ಚಿ, ಮಕ್ಕಳನ್ನು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ ಸೇರಿಸಬೇಕು. ಉಳಿದ ಹಣ, ಪುಸ್ತಕ, ಪ್ರಯೋಗಾಲಯದ ಸಾಮಾನು ಅವರೊಂದಿಗೇ ಹೋಗಲಿ. ನಮ್ಮ ಹಿರಿಯರು ಬೆವರು ಸುರಿಸಿ ಕಟ್ಟಿದ ಶಾಲೆಯನ್ನು ಮುಚ್ಚುವುದೇ ಎಂದು ಕೇಳುವವರಿದ್ದಾರೆ. ಹಿರಿಯರು ಕಟ್ಟಿದ್ದು ಶಾಲೆಯಿಲ್ಲದ ಮಕ್ಕಳಿಗಾಗಿ. ಆ ಕಟ್ಟಡದಲ್ಲೇ ಇಂದು ಶುಲ್ಕದ ಇಂಗ್ಲಿಷ್ ಮಾಧ್ಯಮ ನಡೆಯುತ್ತಿದ್ದರೆ ಅವರ ಬೆವರಿಗೆ ಸಲ್ಲುವ ಗೌರವ ಅದೇ ಎಂದು ನನಗೆ ಅನ್ನಿಸುವುದಿಲ್ಲ.

ನಾವು ಎದ್ದುಹೋದ ತರಗತಿಯಲ್ಲಿ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು. 2022ರ ಫೆಬ್ರವರಿಯಲ್ಲಿ ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರು ಮುಚ್ಚಿದ ಗೇಟಿನ ಹೊರಗೆ ನಿಂತ ಚಿತ್ರಗಳು ದೇಶ ವಿದೇಶಗಳ ಪತ್ರಿಕೆಗಳಲ್ಲಿ ಬಂದವು. ಆ ವಿವಾದದ ನ್ಯಾಯಾನ್ಯಾಯ ಇಲ್ಲಿನ ವಿಷಯವಲ್ಲ. ನಾವು ಆ ದಿನಗಳಲ್ಲಿ ಬಹುಪಾಲು ಸುದ್ದಿ ಓದುವವರಾಗಿದ್ದೆವು, ನಮ್ಮ ಮಕ್ಕಳು ಬೇರೆ ಕಾಂಪೌಂಡುಗಳೊಳಗೆ ಇದ್ದರು ಎಂಬುದಷ್ಟೇ ನನ್ನ ಮನಸ್ಸಿಗೆ ಬಂದದ್ದು. ಐದಾರು ಸಮುದಾಯಗಳ ಮಕ್ಕಳಿದ್ದ ತರಗತಿಯಿಂದ ಮೂರನೆಯವರು, ನಾಲ್ಕನೆಯವರು ಎದ್ದುಹೋದರೆ ಉಳಿದ ಇಬ್ಬರು ಎದುರುಬದುರಾಗಿ ಕೂರಬೇಕಾಗುತ್ತದೆ.

ಮಗುವನ್ನು ಯಾವ ಶಾಲೆಗೆ ಕಳುಹಿಸಬೇಕೆಂದು ಹೆತ್ತವರಿಗೆ ಹೇಳುವ ಅಧಿಕಾರ ನನಗಿಲ್ಲ. ಧರ್ಮಕೇಂದ್ರ ಮಾಡಬಹುದಾದದ್ದು ಸಾಕಷ್ಟಿದೆ, ಅದಕ್ಕೆ ಹಣವೂ ಹೆಚ್ಚು ಬೇಡ. ಸಂತ ಜೋಸೆಫ್ ವಾಜರು 1681ರಲ್ಲಿ ಕೆನರಾಕ್ಕೆ ಬಂದಾಗ ಇಲ್ಲಿನ ಕಥೊಲಿಕರು ಗುರುಗಳಿಲ್ಲದೆ ಚದುರಿಹೋಗಿದ್ದರು. ಅವರು ಕುಂದಾಪುರದಲ್ಲಿದ್ದ ದಿನಗಳಲ್ಲೂ ಜನ ತಮ್ಮ ಬಳಿಗೆ ಬರಲೆಂದು ಕಾದವರಲ್ಲ, ಜನರಿದ್ದಲ್ಲಿಗೆ ನಡೆದವರು. ನಮ್ಮ ವಾರ್ಡುಗಳ ಗುರಿಕಾರರು ಒಂದು ಸಂಜೆ ನಡೆದರೆ ಎಂಟರಿಂದ ಹತ್ತರವರೆಗಿನ ಪ್ರತಿ ಮಗು ಯಾವ ಶಾಲೆಯಲ್ಲಿದೆ ಎಂದು ಬರೆದುಕೊಳ್ಳಬಹುದು. ಕ್ರೈಸ್ತ ಶಿಕ್ಷಣದ ತರಗತಿಯನ್ನು ನಮ್ಮ ಶಾಲೆಗಳ ವೇಳಾಪಟ್ಟಿಗೆ ಮಾತ್ರ ಹೊಂದಿಸದೆ ಸರಕಾರಿ ಶಾಲೆಯ ಮಕ್ಕಳಿಗೂ ಅನುಕೂಲವಾಗುವ ಹೊತ್ತಿಗೆ ಇಡಬಹುದು. ವೈಸಿಎಸ್ ಘಟಕಕ್ಕೆ ಅವರನ್ನೂ ಕರೆಯಬಹುದು. ನಿವೃತ್ತರಾದ ನಮ್ಮ ಗಣಿತ, ಇಂಗ್ಲಿಷ್ ಶಿಕ್ಷಕರು ಎಷ್ಟೋ ಜನ ಮನೆಯಲ್ಲಿದ್ದಾರೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ವಾರಕ್ಕೆರಡು ಸಂಜೆ ಬೋರ್ಡ್ ಹೈಸ್ಕೂಲಿನಲ್ಲಿ ಪಾಠ ಹೇಳಿದರೆ ಅಲ್ಲಿ ಕುಳಿತವರು ಯಾವ ಜಾತಿಯ ಮಕ್ಕಳೆಂದು ಕೇಳಬೇಕಾಗಿಲ್ಲ. ಅಲ್ಲಿ ಓದುವ ನಮ್ಮ ಮಕ್ಕಳ ಹೆತ್ತವರು ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಲು ಹಿಂಜರಿಯುತ್ತಾರೆ. ಜತೆಗೆ ಒಬ್ಬರು ಹೋಗಿ ಕುಳಿತರೂ ಆಗುತ್ತದೆ.

ಆ ಪಟ್ಟಿಯನ್ನು ಮಾಡಲು ಒಳ್ಳೆಯ ಹೊತ್ತು ಯಾವುದೆಂದು ಕೇಳಿದರೆ ನಾನು ಮೊಂತಿ ಹಬ್ಬದ ನೊವೆನಾ ಎನ್ನುತ್ತೇನೆ. ಆಗಸ್ಟ್ 30ರಿಂದ ಒಂಬತ್ತು ದಿನ ಕನ್ಯಾ ಮಾತೆಗೆ ಹೂ ಅರ್ಪಿಸಲು ಮಕ್ಕಳೆಲ್ಲ ಬರುತ್ತಾರೆ. ಹಳದಿ ಬಸ್ಸಿನಿಂದ ಇಳಿದವರೂ ನಡೆದು ಬಂದವರೂ ಆ ಸಾಲಿನಲ್ಲಿ ಒಟ್ಟಿಗೆ ನಿಲ್ಲುತ್ತಾರೆ. ಹೂವಿನ ಬುಟ್ಟಿ ನೋಡಿ ಯಾರು ಯಾವ ಶಾಲೆಯವರೆಂದು ಹೇಳಲಾಗುವುದಿಲ್ಲ. ಕಬ್ಬು ಹಂಚುವಾಗ ಒಬ್ಬರು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತು ಹೆಸರು, ಮನೆ, ಶಾಲೆ ಎಂದು ಕೇಳಿ ಬರೆದುಕೊಳ್ಳಲಿ. ಆ ಸಲದ ಸಮಿತಿಯಲ್ಲಿದ್ದ ನಾನು ಈ ಬಾರಿ ಆ ಪುಸ್ತಕ ಹಿಡಿಯಲು ಒಪ್ಪಿಕೊಂಡಿದ್ದೇನೆ.